ಈಜುಕೊಳದ ಪಂಪ್: ಬಾವಿ ಪಂಪಿನ ಲೆಕ್ಕ ಇಲ್ಲಿ ಯಾಕೆ ನಡೆಯುವುದಿಲ್ಲ

ಟಿಪ್ಪಣಿಯುದ್ದಕ್ಕೂ ಒಂದೇ ಕೊಳ ಹಿಡಿದಿದ್ದೇನೆ. ಮಂಗಳೂರಿನ ದೇರೆಬೈಲು, ಶಕ್ತಿನಗರದ ಕಡೆಯ ಸಾಧಾರಣ ಹಿತ್ತಲಿಗೆ ಹಿಡಿಸುವಂಥದ್ದು: 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಆಳ 1.2 ಮೀಟರ್. ಒಟ್ಟು ನೀರು 38.4 ಘನ ಮೀಟರ್, ಅಂದರೆ 38,400 ಲೀಟರ್. ಟೈಲ್ಸ್, ಮೆಟ್ಟಿಲು, ಆಕಾರ ಇವೆಲ್ಲ ಮನೆಯವರ ಇಷ್ಟಕ್ಕೆ ಬಿಟ್ಟದ್ದು, ಅವುಗಳ ಬಗ್ಗೆ ಬರೆಯುವುದಿಲ್ಲ.

ಹರಿವು

ಕೊಳದ ಅಷ್ಟೂ ನೀರು ಒಂದು ಸಲ ಫಿಲ್ಟರ್ ದಾಟಿ ಬರುವ ಅವಧಿಗೆ ಟರ್ನ್‌ಓವರ್ ಎನ್ನುತ್ತಾರೆ. ಮನೆಯ ಕೊಳಕ್ಕೆ ಸಾಮಾನ್ಯವಾಗಿ 6ರಿಂದ 8 ಗಂಟೆ ಹಿಡಿಯುತ್ತಾರೆ. ನಮ್ಮ ಸೆಕೆಗೆ ಪಾಚಿ ಬೇಗ ಹಿಡಿಯುತ್ತದೆ, ಮರಗಳ ಎಲೆ ಬೀಳುತ್ತಲೇ ಇರುತ್ತದೆ. ಹಾಗಾಗಿ ನಾನು 4 ಗಂಟೆ ಇಟ್ಟುಕೊಂಡೆ. 38.4 ಭಾಗಿಸು 4, ಗಂಟೆಗೆ 9.6 ಘನ ಮೀಟರ್. ಇಷ್ಟು ಸುಲಭ.

ಹೆಡ್

ನೀರನ್ನು ದೂಡಲು ಪಂಪ್ ಕೊಡಬೇಕಾದ ಒತ್ತಡವನ್ನು ಮೀಟರ್ ಎತ್ತರದ ಲೆಕ್ಕದಲ್ಲಿ ಹೇಳಿದರೆ ಅದು ಹೆಡ್. ನಾನು ಹೆಚ್ಚು ಹೊತ್ತು ನಿಂತುಹೋದದ್ದು ಇಲ್ಲಿ. ನಮ್ಮ ಊರಿನಲ್ಲಿ ಪಂಪ್ ಎಂದರೆ ಬಾವಿ ಪಂಪ್. ಅಂಗಡಿಗೆ ಹೋದರೆ ಮೊದಲು ಕೇಳುವುದೇ "ಬಾವಿ ಎಷ್ಟು ಆಳ, ಟ್ಯಾಂಕಿ ಎಷ್ಟು ಎತ್ತರ?" ನೀರಿನ ಮಟ್ಟದಿಂದ ಟ್ಯಾಂಕಿಯ ತನಕ ಇರುವ ಎತ್ತರವೇ ಅಲ್ಲಿ ಹೆಡ್ಡಿನ ದೊಡ್ಡ ಪಾಲು. ಅದೇ ಅಭ್ಯಾಸದಲ್ಲಿ ಈಜುಕೊಳಕ್ಕೂ "ಪಂಪ್ ರೂಮ್ ಕೊಳಕ್ಕಿಂತ 2 ಮೀಟರ್ ಕೆಳಗಿದೆ, ಹಾಗಾದರೆ ಹೆಡ್ಡಿಗೆ 2 ಮೀಟರ್ ಸೇರಿಸಬೇಕು" ಎಂದು ಹೊರಡುತ್ತೇವೆ.

ಸೇರಿಸಬಾರದು. ಬಾವಿ ಪಂಪ್ ನೀರನ್ನು ಒಂದು ಮಟ್ಟದಿಂದ ಎತ್ತಿ ಇನ್ನೊಂದು ಮಟ್ಟದಲ್ಲಿ ಬಿಡುತ್ತದೆ. ಈಜುಕೊಳದ ಪಂಪ್ ನೀರನ್ನು ಎಲ್ಲಿಂದ ಎಳೆಯಿತೋ ಅಲ್ಲಿಗೇ ತಂದುಬಿಡುತ್ತದೆ. ಹೊರಟ ಮಟ್ಟ, ಸೇರಿದ ಮಟ್ಟ ಒಂದೇ. ಪಂಪ್ 2 ಮೀಟರ್ ಕೆಳಗಿದ್ದರೆ ಕೊಳದ ನೀರೇ 2 ಮೀಟರ್ ಒತ್ತಡದೊಂದಿಗೆ ಸಕ್ಷನ್ ಬಾಯಿಗೆ ಬಂದು ನಿಂತಿರುತ್ತದೆ. ಆ ಒತ್ತಡವೇ ಡೆಲಿವರಿ ಬದಿಯಲ್ಲಿ ನೀರನ್ನು ಮತ್ತೆ 2 ಮೀಟರ್ ಮೇಲೇರಿಸಲು ಸಾಕಾಗುತ್ತದೆ. ಕೂಡಿದರೆ ಸೊನ್ನೆ. ಪಂಪ್ 1 ಮೀಟರ್ ಮೇಲಿದ್ದರೂ ಹೀಗೆಯೇ: ಎಳೆಯುವಾಗ ಕಳೆದುಕೊಂಡ 1 ಮೀಟರ್, ಇಳಿಯುವ ಪೈಪಿನಲ್ಲಿ ವಾಪಸ್ ಸಿಗುತ್ತದೆ. ಆದರೆ ಪೈಪ್ ತುಂಬಿ ಹರಿಯುತ್ತಿರಬೇಕು, ಅದರ ಬಾಯಿ ನೀರೊಳಗೆ ಇರಬೇಕು. ಮೇಲಿರುವ ಪಂಪನ್ನು ಶುರು ಮಾಡುವ ಮೊದಲು ನೀರು ತುಂಬಿಸಿ ಗಾಳಿ ತೆಗೆಯಬೇಕಾಗುತ್ತದೆ, ಅದು ಬೇರೆ ವಿಷಯ.

ಇದು ಮನಸ್ಸಿಗೆ ಕೂರದಿದ್ದರೆ ಕೊಳಕ್ಕಿಂತ ಕೆಳಗಿರುವ ಯಾವುದಾದರೂ ಪಂಪ್ ರೂಮಿಗೆ ಹೋಗಿ. ಪಂಪ್ ಆಫ್ ಇರುವಾಗ, ವಾಲ್ವ್‌ಗಳನ್ನು ಮುಚ್ಚದೆ, ಫಿಲ್ಟರಿನ ತಲೆಯ ಮೇಲಿನ ಗೇಜ್ ನೋಡಿ. ಮುಳ್ಳು ಸೊನ್ನೆಯಲ್ಲಿ ಇರುವುದಿಲ್ಲ. ಕೊಳದ ನೀರಿನ ಮಟ್ಟಕ್ಕಿಂತ ಗೇಜ್ 2 ಮೀಟರ್ ಕೆಳಗಿದ್ದರೆ ಸುಮಾರು 0.2 ಬಾರ್ ತೋರಿಸುತ್ತಿರುತ್ತದೆ. ಕರೆಂಟ್ ಇಲ್ಲದೆ ಬಂದ ಒತ್ತಡ ಅದು. ಸೇರಿಸಲು ಹೊರಟ ಆ 2 ಮೀಟರ್ ಇದೇ, ಪುಕ್ಕಟೆ ಸಿಕ್ಕಿದೆ.

ಎತ್ತರ ಸೇರಿಸಬೇಕಾದ ಸಂದರ್ಭ ಎರಡು. ನೀರು ಮೇಲಿನಿಂದ ಜಲಪಾತದ ಹಾಗೆ ಬೀಳುವಂತೆ ಮಾಡಿದರೆ, ಕೊಳದ ಮಟ್ಟದಿಂದ ಅದರ ಬಾಯಿಯ ತನಕದ ಎತ್ತರ. ಅಂಚಿನಿಂದ ನೀರು ಉಕ್ಕಿ ಚರಂಡಿಗೆ ಇಳಿಯುವ ಓವರ್‌ಫ್ಲೋ ಕೊಳವಾದರೆ, ಉಕ್ಕಿದ ನೀರು ಹೋಗಿ ಸೇರುವ ಬ್ಯಾಲೆನ್ಸ್ ಟ್ಯಾಂಕಿಯ ಮಟ್ಟಕ್ಕೂ ಕೊಳದ ಮಟ್ಟಕ್ಕೂ ಇರುವ ಅಂತರ. ಅಲ್ಲಿ ಹೊರಟ ಮಟ್ಟ ಬೇರೆ, ಸೇರುವ ಮಟ್ಟ ಬೇರೆ.

ಹಾಗಾದರೆ ಸಾದಾ ಕೊಳದಲ್ಲಿ ಹೆಡ್ ಎಂದು ಉಳಿಯುವುದು ಬರೀ ತಿಕ್ಕಾಟದ ನಷ್ಟ. ನಮ್ಮ 9.6ಕ್ಕೆ ಹಾಕಿ ನೋಡೋಣ. 63 ಮಿ.ಮೀ. ಪಿವಿಸಿ ಪೈಪಿನ ಒಳವ್ಯಾಸ ಸುಮಾರು 57 ಮಿ.ಮೀ.; ಅದರಲ್ಲಿ ನೀರಿನ ವೇಗ ಸೆಕೆಂಡಿಗೆ 1 ಮೀಟರಿಗೆ ತುಸು ಹೆಚ್ಚು, ನಷ್ಟ 100 ಮೀಟರ್ ಪೈಪಿಗೆ ಸುಮಾರು 2 ಮೀಟರ್. ಅದೇ ನೀರನ್ನು 50 ಮಿ.ಮೀ. ಪೈಪಿನಲ್ಲಿ ಕಳಿಸಿದರೆ ನಷ್ಟ 6 ಮೀಟರ್. ಸೈಜಿನಲ್ಲಿ ಒಂದು ಹೆಜ್ಜೆ ಇಳಿದದ್ದಕ್ಕೆ ಮೂರು ಪಟ್ಟು! ಕಾಂಕ್ರೀಟಿನ ಅಡಿಗೆ ಹೋದ ಪೈಪನ್ನು ಆಮೇಲೆ ಬದಲಿಸಲು ಆಗುವುದಿಲ್ಲ, ಆದ್ದರಿಂದ ಉಳಿತಾಯ ಮಾಡುವ ಜಾಗ ಇದಲ್ಲ.

ಎಲ್ಬೋ, ವಾಲ್ವ್ ಎಲ್ಲ ಸೇರಿಸಿ 40 ಮೀಟರ್ ಪೈಪಿಗೆ ಸಮ ಎಂದು ಹಿಡಿದರೆ 0.8 ಮೀಟರ್. ನೀರು ಒಳಬರುವ ನಾಜಲ್‌ಗಳಿಗೆ 1 ಮೀಟರ್. ಸ್ವಚ್ಛವಾದ ಸ್ಯಾಂಡ್ ಫಿಲ್ಟರ್, ನೀರಿನ ದಾರಿ ಬದಲಿಸುವ ಮಲ್ಟಿಪೋರ್ಟ್ ವಾಲ್ವ್ ಸೇರಿ 4 ಮೀಟರ್. ಕಸ ಕಟ್ಟುತ್ತಾ ಹೋದಾಗ ಇನ್ನೊಂದು 5ರಿಂದ 6 ಮೀಟರ್. ಒಟ್ಟು 12 ಮೀಟರ್ ಒಳಗೆ ಬರುತ್ತದೆ. 12 ಮೀಟರ್ ಹೆಡ್ಡಿನಲ್ಲಿ ಗಂಟೆಗೆ 9.6 ಘನ ಮೀಟರ್ ನೀರು ದೂಡಲು ನೀರಿಗೆ ಬೇಕಾದ ಶಕ್ತಿ ಸುಮಾರು 314 ವ್ಯಾಟ್. ಪಂಪಿನ ದಕ್ಷತೆ ಶೇ. 55 ಎಂದರೆ 570 ವ್ಯಾಟ್, ಅಂದರೆ ಮುಕ್ಕಾಲು ಎಚ್‌ಪಿ.

ಪಂಪಿನ ಪ್ಲೇಟಿನ ಮೇಲೆ ಗರಿಷ್ಠ ಹೆಡ್, ಗರಿಷ್ಠ ಹರಿವು ಎಂದು ಎರಡು ಅಂಕಿ ಇರುತ್ತವೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಗರಿಷ್ಠ ಹೆಡ್ಡಿನಲ್ಲಿ ಹರಿವು ಸೊನ್ನೆ, ಗರಿಷ್ಠ ಹರಿವಿನ ತುದಿಯಲ್ಲಿ ಹೆಡ್ ಉಳಿಯುವುದೇ ಇಲ್ಲ ಎನ್ನಬಹುದು. ಡೀಲರ್ ಹತ್ತಿರ ಕರ್ವ್, ಅಂದರೆ ಯಾವ ಹೆಡ್ಡಿಗೆ ಎಷ್ಟು ಹರಿವು ಎಂದು ತೋರಿಸುವ ಗ್ರಾಫ್, ಕೇಳಿ ಪಡೆಯಿರಿ. ಅದರಲ್ಲಿ 12 ಮೀಟರಿನ ಅಡ್ಡಗೆರೆ ಕರ್ವನ್ನು ಮುಟ್ಟುವ ಜಾಗದಿಂದ ಕೆಳಗೆ ಇಳಿಯಿರಿ, ಅಲ್ಲಿ 9.6ರ ಆಸುಪಾಸು ಬರಬೇಕು.

"ಇರಲಿ, 2 ಎಚ್‌ಪಿ ಹಾಕಿಬಿಡುವ" ಎಂದರೆ? ನೀರು ಫಿಲ್ಟರಿನ ಮರಳನ್ನು ಸೀಳಿಕೊಂಡು ದಾರಿ ಮಾಡಿಕೊಳ್ಳುತ್ತದೆ, ಕಸ ಮರಳು ದಾಟಿ ಕೊಳಕ್ಕೇ ವಾಪಸ್. ಕರೆಂಟ್ ಬಿಲ್ಲೂ ಏರುತ್ತದೆ.

ವೇಗ ಬದಲಿಸುವ ಪಂಪ್ ಬಗ್ಗೆ ನನಗೆ ತುಂಬಾ ಒಲವಿದೆ. ವೇಗ ಅರ್ಧ ಮಾಡಿದರೆ ಹರಿವು ಅರ್ಧ, ಹೆಡ್ ಕಾಲು, ಶಕ್ತಿ ಎಂಟನೇ ಒಂದು. ಅಷ್ಟೇ ನೀರು ತಿರುಗಿಸಲು ಎರಡು ಪಟ್ಟು ಹೊತ್ತು ಓಡಿಸಿದರೂ ಸೂತ್ರದ ಪ್ರಕಾರ ಯೂನಿಟ್ ಕಾಲು ಭಾಗ. ನಿಜದಲ್ಲಿ ಇದಕ್ಕಿಂತ ಸ್ವಲ್ಪ ಕಡಿಮೆ ಉಳಿತಾಯ ಸಿಗುತ್ತದೆ, ಆದರೂ ಖರೀದಿಗೆ ಹೆಚ್ಚು ಕೊಟ್ಟದ್ದು ದಂಡವಾಗುವುದಿಲ್ಲ. ಎತ್ತರ ಏರಿಸುವ ಕೆಲಸ ಇಲ್ಲದ ಕಾರಣಕ್ಕೇ ಈ ಸೂತ್ರ ಇಲ್ಲಿ ಇಷ್ಟು ಚೆನ್ನಾಗಿ ಹೊಂದುತ್ತದೆ. ಬಾವಿ ಪಂಪಿನ ವೇಗ ಅರ್ಧ ಮಾಡಿದರೆ ನೀರು ಟ್ಯಾಂಕಿಗೆ ಮುಟ್ಟದೇ ಹೋಗಬಹುದು.

ಫಿಲ್ಟರ್

ಮರಳಿನ ಮೇಲೆ ನೀರಿನ ವೇಗ ಗಂಟೆಗೆ 30 ಮೀಟರ್ ಇಟ್ಟರೆ 9.6 ಭಾಗಿಸು 30, ಮರಳಿನ ಮೇಲ್ಮೈ 0.32 ಚದರ ಮೀಟರ್ ಬೇಕು. ವ್ಯಾಸ ಸುಮಾರು 640 ಮಿ.ಮೀ. 500 ಮಿ.ಮೀ. ಫಿಲ್ಟರಿನಲ್ಲಿ ವೇಗ 50ರ ಹತ್ತಿರ ಹೋಗುತ್ತದೆ. ದೊಡ್ಡದನ್ನೇ ತೆಗೆದುಕೊಳ್ಳಿ. ಮರಳು ಸ್ವಚ್ಛ ಇರುವಾಗ ಗೇಜಿನ ಗಾಜಿನ ಮೇಲೆ ಮಾರ್ಕರಿನಿಂದ ಗೆರೆ ಎಳೆದಿಡಿ. ಮುಳ್ಳು ಅದರಿಂದ 0.5 ಬಾರ್ ಮೇಲೇರಿದರೆ ನೀರನ್ನು ಉಲ್ಟಾ ಹರಿಸಿ ಮರಳು ತೊಳೆಯಬೇಕು, ಅದೇ ಬ್ಯಾಕ್‌ವಾಶ್. ಮೂರು ನಿಮಿಷಕ್ಕೆ 480 ಲೀಟರ್ ಹೊರಗೆ ಹೋಗುತ್ತದೆ. ಆ ಕ್ಲೋರಿನ್ ನೀರು ಬಾವಿಯ ಬದಿಗೆ ಹರಿಯಬಾರದು. ಮುರಕಲ್ಲಿನ ತೂತುಗಳಲ್ಲಿ ನೀರು ಬಲು ಬೇಗ ಇಂಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಂಗಳೂರಿಗೆ ನೀರು ಕೊಡುವ ತುಂಬೆಯಲ್ಲಿ ನೇತ್ರಾವತಿ, ಉಡುಪಿಗೆ ಕೊಡುವ ಬಜೆಯಲ್ಲಿ ಸ್ವರ್ಣೆ ಬತ್ತುತ್ತಾ ಬಂದಾಗ ಈ 480 ಲೀಟರ್ ಕೂಡ ಲೆಕ್ಕಕ್ಕೆ ಬರುತ್ತದೆ.

ಸ್ಕಿಮ್ಮರೋ ಓವರ್‌ಫ್ಲೋವೋ

ಕೊಳದ ಗೋಡೆಯ ಬಾಯಿಯಿಂದ ಮೇಲ್ಪದರದ ನೀರು, ಕಸ ಎಳೆದುಕೊಳ್ಳುವುದು ಸ್ಕಿಮ್ಮರ್. ನನ್ನ ಮತ ಅದಕ್ಕೆ. ಓವರ್‌ಫ್ಲೋ ನೋಡಲು ಚಂದ, ನಿಜ. ಆದರೆ ಬ್ಯಾಲೆನ್ಸ್ ಟ್ಯಾಂಕಿ ಬೇಕು, ಚರಂಡಿಯ ಜಾಲರಿಯಲ್ಲಿ ಮಾವು, ಹಲಸಿನ ಎಲೆ ಸಿಕ್ಕಿಕೊಳ್ಳುತ್ತದೆ. ಮಳೆಗೆ ಒಂದು ದಿನ 100 ಮಿ.ಮೀ. ಬಿದ್ದರೆ ಕೊಳಕ್ಕೆ 3,200 ಲೀಟರ್ ಸೇರುತ್ತದೆ. ಹೆಚ್ಚುವರಿ ನೀರು ಹೋಗಲು ದಪ್ಪ ಪೈಪನ್ನು ನಕ್ಷೆಯಲ್ಲೇ ಗುರುತಿಸಿ. ಕೊಳದ ಉಪ್ಪುನೀರಿನಿಂದಲೇ ಕ್ಲೋರಿನ್ ತಯಾರಿಸುವ ಉಪ್ಪಿನ ಕ್ಲೋರಿನೇಟರ್ ಹಾಕಿದವರಿಗೆ ಇದೇ ತೊಂದರೆ: ಲೀಟರಿಗೆ 3.5 ಗ್ರಾಂ ಲೆಕ್ಕದಲ್ಲಿ ಸುರಿದ 134 ಕಿಲೋ ಉಪ್ಪು ಮಳೆಗಾಲದಲ್ಲಿ ಸ್ವಲ್ಪ ಸ್ವಲ್ಪವೇ ಹರಿದುಹೋಗುತ್ತದೆ. ಕಡಲ ಗಾಳಿಯ ಊರಿಗೆ ಏಣಿ, ಕೈಹಿಡಿ 316 ಸ್ಟೀಲಿನದೇ ಇರಲಿ, 304ಕ್ಕೆ ತುಕ್ಕಿನ ಕಲೆ ಬರುತ್ತದೆ. ಹೀಟರ್ ನಮಗೆ ಬೇಡ.

ನಮ್ಮ ಬಾವಿ ನೀರು ಹೆಚ್ಚಾಗಿ ಮೆದು, ಪಿಎಚ್ ಕಡಿಮೆ. ಅದನ್ನು ಹಾಗೆಯೇ ತುಂಬಿಸಿದರೆ ಟೈಲ್ಸ್ ಸಂದಿನ ಸಿಮೆಂಟನ್ನು ತಿನ್ನುತ್ತದೆ. ಅಡುಗೆ ಸೋಡಾ, ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಸರಿಪಡಿಸಿ, ಪಿಎಚ್ 7.2ರಿಂದ 7.6ರಲ್ಲಿ ನಿಲ್ಲಿಸಿ.

ತಳದ ಡ್ರೇನ್

ಒಂದು ಸಾಲದು. ಒಂದಕ್ಕೊಂದು ಕನಿಷ್ಠ 1 ಮೀಟರ್ ದೂರದಲ್ಲಿ ಎರಡು, ಎರಡನ್ನೂ ಟೀ ಹಾಕಿ ಒಂದೇ ಪೈಪಿಗೆ ಕೂಡಿಸಬೇಕು, ನಡುವೆ ವಾಲ್ವ್ ಇರಬಾರದು. ಒಂದರ ಮೇಲೆ ಮೈ ತಾಗಿದರೆ ನೀರು ಇನ್ನೊಂದರಿಂದ ಬರುತ್ತದೆ, ಎಳೆತ ಸಡಿಲವಾಗುತ್ತದೆ. ಅಮೆರಿಕದಲ್ಲಿ 2002ರಲ್ಲಿ ವರ್ಜೀನಿಯಾ ಗ್ರೇಮ್ ಬೇಕರ್ ಎಂಬ 7 ವರ್ಷದ ಹುಡುಗಿ ಡ್ರೇನಿನ ಎಳೆತಕ್ಕೆ ಸಿಕ್ಕಿ ತೀರಿಕೊಂಡಳು. ಅವಳ ಹೆಸರಿನಲ್ಲೇ ಅಲ್ಲಿ 2007ರಲ್ಲಿ ಕಾನೂನು ಬಂತು. ಪಂಪ್ ಅಗತ್ಯಕ್ಕಿಂತ ದೊಡ್ಡದಾದಷ್ಟೂ ಈ ಎಳೆತ ಜೋರು. ದೀಪ 12 ವೋಲ್ಟಿನವೇ ಇರಲಿ, ಪಂಪ್ ಲೈನಿಗೆ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಕಡ್ಡಾಯ.

ಅದೇ ಡ್ರೇನಿನ ಗುಂಡಿಯಲ್ಲಿ ಅಡಿಯ ಅಂತರ್ಜಲದ ಒತ್ತಡ ಹೆಚ್ಚಾದಾಗ ತೆರೆದು ಆ ನೀರನ್ನು ಕೊಳದೊಳಗೆ ಬಿಡುವ ಹೈಡ್ರೋಸ್ಟ್ಯಾಟಿಕ್ ವಾಲ್ವ್ ಕೂರಿಸಲು ಹೇಳಿ, ಅಡಿಯಲ್ಲಿ ಜಲ್ಲಿಯ ಪದರ ಇರಲಿ. ಆಟಿ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ತಗ್ಗಿನ ಹಿತ್ತಲುಗಳಲ್ಲಿ ಬಾವಿ ನೀರು ಕೈಗೆಟಕುವಷ್ಟು ಮೇಲೆ ಬಂದಿರುತ್ತದೆ. ಕೊಳದ ತಳಕ್ಕಿಂತ 1 ಮೀಟರ್ ಮೇಲಕ್ಕೆ ಅಂತರ್ಜಲ ಏರಿದರೆ 32 ಚದರ ಮೀಟರ್ ತಳಕ್ಕೆ ಕೆಳಗಿನಿಂದ 32 ಟನ್ ಒತ್ತು ಬೀಳುತ್ತದೆ. 150 ಮಿ.ಮೀ. ದಪ್ಪದ ತಳ, ಗೋಡೆ ಸೇರಿ ಕಾಂಕ್ರೀಟಿನ ತೂಕ ಸುಮಾರು 24 ಟನ್. ಒಳಗೆ ನೀರಿದ್ದರೆ ಕೊಳ ಕೂತಿರುತ್ತದೆ, ಖಾಲಿ ಮಾಡಿದರೆ ಏಳಬಹುದು, ಬಿರುಕು ಬಿಡಬಹುದು. ತೊಳೆಯುವುದು, ಟೈಲ್ಸ್ ರಿಪೇರಿ ಏನಿದ್ದರೂ ಫೆಬ್ರವರಿ, ಮಾರ್ಚಿಗೆ ಇಟ್ಟುಕೊಳ್ಳಿ.