ಸವಳು ಅಂದರೆ ಯಾವುದು?

‘ನಮ್ಮ ಬೋರ್‌ವೆಲ್ ಸವಳು, ಸೋಪು ನೊರೆಯೇ ಬರಲ್ಲ.’ ಈ ಮಾತು ಈ ತಿಂಗಳಲ್ಲೇ ನಾಲ್ಕನೇ ಸಲ ಕಣ್ಣಿಗೆ ಬಿತ್ತು. ನೊರೆ ನೋಡಿ ಹೇಳುವುದು ನೀರಿನ ಗಡಸುತನವನ್ನು, ಅಂದರೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಎಷ್ಟಿದೆ ಅನ್ನುವುದನ್ನು. ಸವಳು ಅಂದರೆ ನೀರಿನಲ್ಲಿ ಕರಗಿರುವ ಎಲ್ಲ ಲವಣಗಳ ಒಟ್ಟು ಮೊತ್ತ. ಅದನ್ನು ಅಳೆಯುವುದು ಇಸಿ (ವಿದ್ಯುತ್ ವಾಹಕತೆ) ಮೀಟರಿನಿಂದ, ಸೋಪಿನಿಂದಲ್ಲ.

ಗೊಂದಲಕ್ಕೆ ಪದದಲ್ಲೇ ಕಾರಣವಿದೆ. ಸವಳು, ಸವುಳು, ಚೌಳು ಎಲ್ಲ ಒಂದೇ ಮಾತು. ತೆಲುಗಿನ ಚವುಡು ಇದರ ನೆಂಟ. ಹಿಂದೆ ಅಗಸರು ಬಟ್ಟೆ ಒಗೆಯಲು ಚೌಳು ಮಣ್ಣು ತರುತ್ತಿದ್ದರು. ಕೊಳೆ ತೆಗೆಯುತ್ತಿದ್ದುದು ಅದರಲ್ಲಿದ್ದ ಸೋಡಾ ಎಂಬ ಕ್ಷಾರ. ಅಂದರೆ ಹಳಬರ ಚೌಳಿನಲ್ಲಿ ಉಪ್ಪೂ ಇತ್ತು, ಕ್ಷಾರವೂ ಇತ್ತು. ಇಂದಿನ ಕೃಷಿ ಪುಸ್ತಕಗಳು ಎರಡನ್ನೂ ಬೇರೆ ಮಾಡಿವೆ. ಮಣ್ಣಿನ ಇಸಿ 4 ಡೆಸಿಸೀಮನ್ಸ್/ಮೀ. ದಾಟಿದರೆ ಚೌಳು. ಸೋಡಿಯಂ ಹೆಚ್ಚಾಗಿ ಪಿಎಚ್ (ಆಮ್ಲ-ಕ್ಷಾರದ ಅಳತೆ) 8.5 ದಾಟಿದರೆ ಕ್ಷಾರ. ಜಿಪ್ಸಂ ಬೇಕಾಗುವುದು ಕ್ಷಾರಕ್ಕೆ. ಬರೀ ಚೌಳಿಗೆ ಒಳ್ಳೆಯ ನೀರು ಹಾಯಿಸಿ ಉಪ್ಪನ್ನು ಬಸಿಯಬೇಕು. ಇನ್ನು ‘ಸವಳು-ಜವಳು’ ಜೋಡಿಯಲ್ಲಿ ಜವಳು ಅಂದರೆ ನೀರು ನಿಂತು ಕೆಟ್ಟ ನೆಲ, ಅದು ಬೇರೆಯೇ.

ಇದು ಬರೀ ಪದದ ಜಗಳ ಅಲ್ಲ. ನಿಂಬೆ ಸಸಿ ಸಾಕುವವರಿಗೆ ಈ ಗೊಂದಲದಿಂದ ನಿಜವಾದ ನಷ್ಟವಿದೆ. ನಿಂಬೆ ಜಾತಿಯ ಗಿಡಗಳು ಉಪ್ಪನ್ನು ಅಷ್ಟಾಗಿ ತಾಳುವುದಿಲ್ಲ. ಸವಳು ನೀರು ಕುಡಿದ ಸಸಿಯ ಎಲೆ ತುದಿಯಿಂದ, ಅಂಚಿನಿಂದ ಸುಡುತ್ತದೆ. ಸಾರಜನಕ ಸಾಲದಿದ್ದರೆ ಹಳೆಯ ಎಲೆ ಪೂರ್ತಿ ಒಂದೇ ಸಮ ಹಳದಿಯಾಗುತ್ತದೆ. ಈ ವ್ಯತ್ಯಾಸ ನೋಡದೆ, ಸಾರಜನಕ ಸಾಲದೆಂದು ಸುಮ್ನೆ ಯೂರಿಯಾ ಸುರಿಯುತ್ತಾರೆ! ಯೂರಿಯಾ ತಾನೇ ಲವಣವಲ್ಲ, ನಿಜ. ಆದರೆ ಮಣ್ಣಿಗೆ ಬಿದ್ದ ಕೆಲವೇ ದಿನಗಳಲ್ಲಿ ಅದು ಅಮೋನಿಯಂ ಆಗಿ, ಆಮೇಲೆ ನೈಟ್ರೇಟ್ ಆಗಿ, ಲವಣದ ಲೆಕ್ಕಕ್ಕೇ ಸೇರುತ್ತದೆ. ಅಂಗೈಯಗಲದ ಪಾಲಿಥಿನ್ ಚೀಲದಲ್ಲಿ ಆ ಉಪ್ಪು ಎಲ್ಲಿಗೆ ಹೋಗಬೇಕು?

ಹಾಗಂತ ಸಾರಜನಕ ನಿಲ್ಲಿಸುವುದೂ ತಪ್ಪು. ಸವಳು ನೀರಿನ ಕ್ಲೋರೈಡ್ ಬೇರಿನ ಬಾಗಿಲಲ್ಲಿ ನೈಟ್ರೇಟಿಗೆ ಅಡ್ಡ ನಿಲ್ಲುತ್ತದೆ. ಅದಕ್ಕೇ ಸ್ವಲ್ಪ ಸ್ವಲ್ಪವಾಗಿ, ಹಲವು ಸಲ ಕೊಡಬೇಕು. ಕ್ಯಾಲ್ಸಿಯಂ ನೈಟ್ರೇಟ್ ಆದರೆ ಒಳ್ಳೆಯದು, ಅಮೋನಿಯಂ ಕ್ಲೋರೈಡ್ ಬೇಡ. ಚೀಲದ ತಳದ ತೂತಿನಿಂದ ನೀರು ಬಸಿಯುವಷ್ಟು ಹಾಯಿಸಿ. ಮಳೆನೀರು ಸಿಕ್ಕಿದರೆ ಮೊದಲು ಸಸಿಗೆ ಕೊಡಿ.