ಚಿಕ್ಕ ರೈಲು ಹೋದ ಮೇಲೆ ಉಳಿದ ದಾರಿ

ಚಿಂತಾಮಣಿ ಸೀಮೆಯ ಒಂದು ಹಳ್ಳಿಯ ಹೊರಗೆ, ರಾಗಿ ಹೊಲಗಳ ಮಧ್ಯೆ, ಆಳೆತ್ತರಕ್ಕೂ ಕಡಿಮೆಯ ಒಂದು ಮಣ್ಣಿನ ಏರಿ ಬಾಗಿಕೊಂಡು ಹೋಗುತ್ತದೆ. ಕೆರೆ ಏರಿ ಅಂದುಕೊಳ್ಳೋಣ ಅಂದರೆ ಆ ಕಡೆಯೂ ನೀರಿಲ್ಲ, ಈ ಕಡೆಯೂ ನೀರಿಲ್ಲ. ರಸ್ತೆ ಅನ್ನೋಣ ಅಂದರೆ ಅಷ್ಟು ಅಗಲವಿಲ್ಲ. ಮೇಲೆಲ್ಲ ತಂಗಡಿ ಗಿಡ, ಸೀತಾಫಲದ ಪೊದೆ, ನಡುವೆ ಒಬ್ಬರು ನಡೆಯುವಷ್ಟು ಸವೆದ ಕಾಲುದಾರಿ. ಕಾಲಿನಿಂದ ಮಣ್ಣು ಕೆದಕಿದರೆ ಜಲ್ಲಿ ಸಿಗುತ್ತದೆ. ಹೊಲದಲ್ಲಿ ಸಿಗುವ ಕಲ್ಲಲ್ಲ, ಒಡೆದು ತಂದು ಹಾಕಿದ ಜಲ್ಲಿ.

ಅಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ನನ್ನನ್ನು ನೋಡಿ, "ಏನಪ್ಪಾ, ಜಮೀನು ನೋಡೋಕೆ ಬಂದ್ಯಾ?" ಅಂದರು. ಇಲ್ಲಮ್ಮ, ಹಳೇ ರೈಲು ದಾರಿ ನೋಡೋಕೆ ಬಂದೆ ಅಂದೆ. "ರೈಲು ಈಗ ಆ ಕಡೆ ಹೋಗುತ್ತೆ. ಇದು ನಮ್ಮ ದಾರಿ" ಅಂದರು. ಮಳೆಗಾಲದಲ್ಲಿ ಹೊಲದ ಬದು ಎಲ್ಲ ಕೆಸರಾದಾಗ, ಕಾಲು ಹೂತುಹೋಗದೆ ಪಕ್ಕದ ಊರಿಗೆ ಹೋಗಲು ಇದೊಂದೇ ದಾರಿಯಂತೆ. ಸಂತೆಗೆ ಹೋಗುವವರೂ ಇದರ ಮೇಲೇ ಹೋಗುತ್ತಿದ್ದರಂತೆ.

"ನಮ್ಮ ದಾರಿ" ಅನ್ನುವ ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಈ ಏರಿಯ ಕಥೆ ಸ್ವಲ್ಪ ಉದ್ದ ಇದೆ, ಹಿಂದಿನಿಂದಲೇ ಹೇಳುತ್ತೇನೆ.

ಬೆಂಗಳೂರಿಗೆ ಮೊದಲ ರೈಲು ಬಂದದ್ದು 1864ರಲ್ಲಿ, ಜೋಲಾರಪೇಟೆ ಕಡೆಯಿಂದ. ಆ ದಾರಿ ಕೋಲಾರ ಜಿಲ್ಲೆಯನ್ನು ದಾಟಿಕೊಂಡೇ ಬಂತು, ಆದರೆ ಕೋಲಾರ ಪಟ್ಟಣಕ್ಕೆ ಬರಲಿಲ್ಲ. 15 ಕಿ.ಮೀ.ಗಿಂತ ಜಾಸ್ತಿ ದೂರದಲ್ಲಿ, ದಕ್ಷಿಣಕ್ಕೆ ಹಾದುಹೋಯಿತು. ಅಲ್ಲಿ ಎದ್ದ ಊರಿಗೆ ಆಗಿನ ಮೈಸೂರು ಕಮಿಷನರ್ ಲೂಯಿನ್ ಬೌರಿಂಗ್ ಅವರ ಹೆಸರಿಟ್ಟು ಬೌರಿಂಗ್‌ಪೇಟೆ ಅಂದರು. ಈಗಿನ ಬಂಗಾರಪೇಟೆ ಅದೇ. 1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿಗೆ ಬಂತು. 1894ರ ಹೊತ್ತಿಗೆ ಬೌರಿಂಗ್‌ಪೇಟೆಯಿಂದ ಗಣಿಗೆ ರೈಲು ಕಂಬಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಕರೆಂಟೂ ಬಂತು. ಜಿಲ್ಲಾ ಕೇಂದ್ರವಾದ ಕೋಲಾರಕ್ಕೆ ಮಾತ್ರ ಇನ್ನೂ ಎತ್ತಿನ ಗಾಡಿ, ಜಟಕಾ ಗಾಡಿಯೇ ಗತಿ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ಕಾಲದಲ್ಲಿ ದೊಡ್ಡ ರೈಲು ಬರುತ್ತಿದ್ದದ್ದು ದೊಡ್ಡ ಊರುಗಳನ್ನು, ದಂಡಿನ ಪ್ರದೇಶಗಳನ್ನು, ಗಣಿಗಳನ್ನು ಜೋಡಿಸಲಿಕ್ಕೆ. ಶಿಡ್ಲಘಟ್ಟದ ರೇಷ್ಮೆಗೋ ಶ್ರೀನಿವಾಸಪುರದ ಮಾವಿಗೋ ಯಾರೂ ಮದ್ರಾಸಿನಿಂದ ಕಂಬಿ ಎಳೆದುಕೊಂಡು ಬರುತ್ತಿರಲಿಲ್ಲ. ಅಂಥ ಊರುಗಳಿಗೆ ಬೇಕಿದ್ದದ್ದು ಕಡಿಮೆ ಖರ್ಚಿನ ರೈಲು.

ಕಡಿಮೆ ಖರ್ಚಿನ ರೈಲು ಅಂದರೆ ನ್ಯಾರೋ ಗೇಜ್. ಎರಡು ಕಂಬಿಗಳ ನಡುವೆ ಎರಡೂವರೆ ಅಡಿ, ಅಂದರೆ 762 ಮಿ.ಮೀ. ಅಷ್ಟೇ. ಈಗಿನ ಬ್ರಾಡ್ ಗೇಜ್ 1676 ಮಿ.ಮೀ., ಅದರ ಅರ್ಧಕ್ಕೂ ಕಡಿಮೆ ಇದು. ಕಂಬಿ ಹಗುರ, ಇಂಜಿನ್ ಹಗುರ, ಸೇತುವೆ ಸಣ್ಣದು. ಮುಖ್ಯವಾದ ವಿಷಯ ತಿರುವಿನದು. ಚಿಕ್ಕ ಗೇಜಿನ ರೈಲು ಬಿಗಿಯಾದ ತಿರುವಿನಲ್ಲೂ ತಿರುಗುತ್ತದೆ. ಹಾಗಾಗಿ ಎದುರಿಗೆ ಗುಡ್ಡ ಬಂದರೆ ಕೊರೆಯಬೇಕಿಲ್ಲ, ಬಳಸಿಕೊಂಡು ಹೋದರಾಯಿತು. ಕೆರೆ ಬಂದರೆ ಅದರ ಅಂಚಿನಲ್ಲೇ ಸುತ್ತಿಕೊಂಡು ಹೋದರಾಯಿತು. ನೆಲ ಹೇಗಿದೆಯೋ ಹಾಗೆ ಬಾಗಿ ಹೋಗುವ ರೈಲು ಇದು, ನೆಲವನ್ನು ಕಡಿದು ನೇರ ಮಾಡಿಕೊಳ್ಳುವ ರೈಲಲ್ಲ. ನಾನು ನೋಡಿದ ಏರಿ ಅಷ್ಟು ಬಾಗಿಕೊಂಡಿರುವುದಕ್ಕೆ ಕಾರಣ ಇದೇ.

ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ಈ ಚಿಕ್ಕ ರೈಲು ಶುರುವಾದದ್ದು 1913ರಲ್ಲಿ. ಕೋಲಾರ ಡಿಸ್ಟ್ರಿಕ್ಟ್ ರೈಲ್ವೆ ಅಂತಲೇ ಅದರ ಹೆಸರು. ಆಚೆ ಕಡೆಯಿಂದ, ಅಂದರೆ ಯಲಹಂಕದಿಂದ, ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಅನ್ನುವ ಇನ್ನೊಂದು ಕಂಬಿ ದೇವನಹಳ್ಳಿ, ನಂದಿ ದಾಟಿಕೊಂಡು ಬಂತು. ನಂದಿ ಹಾಲ್ಟ್ ನಿಲ್ದಾಣ 1915ರದ್ದು. ಆ ದಶಕ ಮುಗಿಯುವುದರೊಳಗೆ ಎರಡೂ ಕೊನೆ ಕೂಡಿಕೊಂಡವು. ಬಂಗಾರಪೇಟೆ, ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ದೇವನಹಳ್ಳಿ, ಯಲಹಂಕ: ಭೂಪಟದಲ್ಲಿ ನೋಡಿದರೆ ಒಂದು ದೊಡ್ಡ ಬಿಲ್ಲಿನ ಹಾಗೆ ಕಾಣುತ್ತದೆ. ಆಗ ಮೈಸೂರಿನ ದಿವಾನರಾಗಿದ್ದವರು ಇದೇ ಸೀಮೆಯ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು, ಇದನ್ನು ನಮ್ಮ ಕಡೆಯವರು ಈಗಲೂ ಹೆಮ್ಮೆಯಿಂದ ನೆನೆಸಿಕೊಳ್ಳುತ್ತಾರೆ.

ಇಷ್ಟೆಲ್ಲ ಸರಿ, ಆದರೆ ಇಡೀ ವ್ಯವಸ್ಥೆಗೆ ಹುಟ್ಟಿನಿಂದಲೇ ಒಂದು ತೊಡಕಿತ್ತು. ಒಂದು ಕೊನೆ ಬಂಗಾರಪೇಟೆಯಲ್ಲಿ ಬ್ರಾಡ್ ಗೇಜ್. ಇನ್ನೊಂದು ಕೊನೆ ಯಲಹಂಕದಲ್ಲಿ ಗುಂತಕಲ್ ಕಡೆ ಹೋಗುವ ಮೀಟರ್ ಗೇಜ್. ನಡುವೆ ನಮ್ಮದು ನ್ಯಾರೋ ಗೇಜ್. ಒಂದು ಮೂಟೆ ಕಡಲೆಕಾಯಿ ಚಿಂತಾಮಣಿಯಿಂದ ಮದ್ರಾಸಿಗೆ ಹೋಗಬೇಕಾದರೆ ಬಂಗಾರಪೇಟೆಯಲ್ಲಿ ಚಿಕ್ಕ ಡಬ್ಬಿಯಿಂದ ಇಳಿಸಿ, ಹಮಾಲರ ಹೆಗಲ ಮೇಲೆ ದೊಡ್ಡ ಡಬ್ಬಿಗೆ ಏರಿಸಬೇಕು. ಎರಡು ಸಲ ಕೂಲಿ, ಎರಡು ಸಲ ಕಾಯುವುದು. ಲಾರಿ ಬರುವ ತನಕ ಇದು ನಡೆಯಿತು. ಲಾರಿ ಬಂದ ಮೇಲೆ ಮಂಡಿ ಬಾಗಿಲಿನಿಂದ ಮಂಡಿ ಬಾಗಿಲಿಗೆ ಒಂದೇ ಸಲ ಮೂಟೆ ಇಳಿಯುತ್ತದೆ ಅಂದಾಗ ಯಾರು ರೈಲಿಗೆ ಹಾಕುತ್ತಾರೆ? ಜನರಿಗೂ ಅಷ್ಟೇ. ಗಂಟೆಗೊಂದು ಬಸ್ಸು ಇರುವಾಗ, ಬಳಸಿಕೊಂಡು ನಿಧಾನಕ್ಕೆ ಹೋಗುವ ರೈಲಿಗೆ ಕಾಯುವವರು ಕಡಿಮೆಯಾದರು. ರೈಲು ಸತ್ತದ್ದು ಜನ ಕೈಬಿಟ್ಟದ್ದರಿಂದ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಗೇಜು ಬೇರೆ ಆದದ್ದೇ ದೊಡ್ಡ ಕಾರಣ. ಕೊನೆಯಲ್ಲಿ ಕೂಡದ ದಾರಿಯಲ್ಲಿ ಎಷ್ಟು ದಿನ ಅಂತ ವ್ಯಾಪಾರ ನಡೆಯುತ್ತದೆ?

1992ರಲ್ಲಿ ರೈಲ್ವೆ ಇಲಾಖೆ ದೇಶದ ಉದ್ದಕ್ಕೂ ಒಂದೇ ಗೇಜ್ ಮಾಡುವ ಯೋಜನೆ ಶುರು ಮಾಡಿತು. 90ರ ದಶಕದಲ್ಲಿ ಯಲಹಂಕ–ಚಿಕ್ಕಬಳ್ಳಾಪುರವೂ ಬಂಗಾರಪೇಟೆ–ಕೋಲಾರವೂ ಬ್ರಾಡ್ ಗೇಜ್ ಆದವು. ಕೋಲಾರದಿಂದ ಬಂಗಾರಪೇಟೆಗೆ ಒಂದೇ ಡಬ್ಬಿಯ ರೈಲುಬಸ್ಸು ಎಷ್ಟೋ ವರ್ಷ ಓಡಾಡಿತು, ಅದರಲ್ಲಿ ಹೋದವರು ಈ ಕಡೆ ಬೇಕಾದಷ್ಟು ಜನ ಇದ್ದಾರೆ. ಎರಡೂ ತುದಿ ಹೀಗೆ ಬದುಕಿಕೊಂಡವು. ನಡುವಿನ ಭಾಗ, ಅಂದರೆ ಕೋಲಾರದಿಂದ ಚಿಕ್ಕಬಳ್ಳಾಪುರದ ತನಕ, ಅತ್ತ ಚಿಕ್ಕ ರೈಲೂ ಇಲ್ಲ, ಇತ್ತ ದೊಡ್ಡ ರೈಲೂ ಇಲ್ಲ ಅನ್ನುವ ಹಾಗೆ ಉಳಿದುಹೋಯಿತು. 2007ರಲ್ಲಿ ಜಿಲ್ಲೆಯೇ ಎರಡಾಗಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಯಿತು, ಆಗಲೂ ಎರಡು ಜಿಲ್ಲಾ ಕೇಂದ್ರಗಳ ನಡುವೆ ರೈಲಿಲ್ಲ. ಬ್ರಾಡ್ ಗೇಜ್ ರೈಲು ಓಡಿದ್ದು 2013ರ ನವೆಂಬರಿನಲ್ಲಿ.

ಅಜ್ಜಿ ಹೇಳಿದ "ನಮ್ಮ ದಾರಿ" ಹುಟ್ಟಿದ್ದು ಆ ನಡುವಿನ ವರ್ಷಗಳಲ್ಲಿ. ಕಂಬಿ ಕಿತ್ತರು, ಮರದ ಸ್ಲೀಪರ್ ಹೋದವು. ಏರಿ ಉಳಿಯಿತು. ಜನ ನಡೆದರು, ಸೈಕಲ್ ತುಳಿದರು, ಕುರಿ ಹೊಡೆದುಕೊಂಡು ಹೋದರು. ಯಾರೂ ಅದಕ್ಕೆ ಹೆಸರಿಡಲಿಲ್ಲ, ಬೋರ್ಡು ಹಾಕಲಿಲ್ಲ.

ಇಂಥದ್ದೇ ಇನ್ನೊಂದು ಕಥೆ ನಮ್ಮ ರಾಜ್ಯದಲ್ಲೇ ಇದೆ, ಅದು ಜಾಸ್ತಿ ಜನರಿಗೆ ಗೊತ್ತು. ಹಾಸನ–ಮಂಗಳೂರು ಮೀಟರ್ ಗೇಜ್ ಕಂಬಿಯನ್ನು 1996ರಲ್ಲಿ ಗೇಜ್ ಬದಲಾವಣೆಗೆ ಮುಚ್ಚಿದಾಗ, ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗಿನ ಘಟ್ಟದ ದಾರಿ ಚಾರಣದವರ ಪಾಲಾಯಿತು. ಬೆಂಗಳೂರಿನ ಹುಡುಗರೆಲ್ಲ ಬ್ಯಾಗ್ ಹಾಕಿಕೊಂಡು ಆ ದಾರಿಯ ಎಡಕುಮೇರಿ ನಿಲ್ದಾಣಕ್ಕೆ ಹೋದವರೇ. 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ ಇರುವ ದಾರಿ. ಆಮೇಲೆ ಅಲ್ಲಿ ಗೂಡ್ಸ್ ಬಂತು, 2007ರ ಕೊನೆಗೆ ಪ್ರಯಾಣಿಕರ ರೈಲೂ ಬಂತು. ಈಗ ಅಲ್ಲಿ ನಡೆಯುವುದು ನಿಷೇಧ, ನಡೆಯಲೂಬಾರದು. ಆದರೆ ಆ ಹತ್ತು ವರ್ಷ ನಡೆದವರನ್ನು ಕೇಳಿ ನೋಡಿ, ರೈಲಿನ ಕಿಟಕಿಯಿಂದ ಕಾಣದ ಘಟ್ಟ ಅವರ ಕಾಲಿಗೆ ಸಿಕ್ಕಿತ್ತು. ನಮ್ಮ ಬಯಲುಸೀಮೆಯ ದಾರಿಗೆ ಅಂಥ ಹೆಸರು ಬರಲಿಲ್ಲ, ಸುರಂಗ ಇಲ್ಲ, ಜಲಪಾತ ಇಲ್ಲ. ನಮ್ಮಲ್ಲಿ ಇರುವುದು ಬಂಡೆ, ಕೆರೆ, ಹುಣಸೆ ತೋಪು, ಮೋರಿ.

ಮೋರಿ ಬಗ್ಗೆ ಒಂದು ಮಾತು ಹೇಳಲೇಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳು ಬಿಡಿಬಿಡಿ ಕೆರೆಗಳಲ್ಲ, ಸರಪಳಿ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗಬೇಕು. ಅಂಥ ನೆಲದ ಮೇಲೆ ಅಡ್ಡಲಾಗಿ ಏರಿ ಹಾಕಿದರೆ ನೀರು ನಿಂತುಬಿಡುತ್ತದೆ. ಹಾಗಾಗಿ ಚಿಕ್ಕ ರೈಲಿನ ದಾರಿಯಲ್ಲಿ ಎಲ್ಲೆಲ್ಲಿ ನೀರು ಹರಿಯುತ್ತಿತ್ತೋ ಅಲ್ಲೆಲ್ಲ ಕಲ್ಲಿನ ಮೋರಿ. ನಾನು ನೋಡಿದ ಒಂದರಲ್ಲಿ ಕುಳಿತುಕೊಂಡು ಆ ಕಡೆ ದಾಟಬಹುದಿತ್ತು, ಕಲ್ಲು ಒಂದೂ ಅಲುಗಿಲ್ಲ. ಮಳೆ ಬಂದಾಗ ಈಗಲೂ ಅದರಲ್ಲೇ ನೀರು ಹೋಗುತ್ತದೆ ಅಂತ ಅಲ್ಲಿನವರು ಹೇಳಿದರು. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೋಲಾರದ ಕೆರೆಗಳಿಗೆ ಬರತೊಡಗಿದ ಮೇಲೆ ಕಾಲುವೆ, ಮೋರಿ ಎಷ್ಟು ಮುಖ್ಯ ಅಂತ ನಮ್ಮ ಜನಕ್ಕೆ ಮತ್ತೆ ನೆನಪಾಗಿದೆ. ಹಳೇ ರೈಲು ಏರಿಯನ್ನು ಕೆಡವಿ ಮೋರಿಗೆ ಮಣ್ಣು ತುಂಬಿದರೆ ಹೋಗುವುದು ಒಂದು ಕಾಲುದಾರಿ ಮಾತ್ರ ಅಲ್ಲ.

ಬ್ರಾಡ್ ಗೇಜ್ ಬಂದ ಮೇಲೆ ಹಳೇ ದಾರಿ ಬಹುಪಾಲು ಹೊಸ ಕಂಬಿಯ ಕೆಳಗೇ ಹೋಯಿತು. ದೊಡ್ಡ ರೈಲಿಗೆ ಬಿಗಿ ತಿರುವು ಆಗುವುದಿಲ್ಲ, ಅದಕ್ಕೆ ನಿಧಾನವಾದ ಅಗಲ ತಿರುವು ಬೇಕು. ಹಾಗೆ ನೇರ ಮಾಡಿದಲ್ಲಿ ಹಳೇ ಬಾಗು ಪಕ್ಕಕ್ಕೆ ಬೀಳುತ್ತದೆ. ಈಗ ಸಿಗುವುದು ಇಂಥ ತುಂಡುಗಳು ಮಾತ್ರ, ಜೊತೆಗೆ ಹಳೇ ನಿಲ್ದಾಣದ ಕಟ್ಟಡಗಳು. ಯಲಹಂಕ–ಚಿಕ್ಕಬಳ್ಳಾಪುರದ ನಡುವಿನ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ನಿಲ್ದಾಣಗಳನ್ನು ಉಳಿಸುವ ಕೆಲಸಕ್ಕೆ ಹಳೇ ಕಟ್ಟಡ, ಪರಂಪರೆ ಕಾಯುವ ಇಂಟ್ಯಾಕ್ ಸಂಸ್ಥೆ ಮತ್ತು ರೈಲ್ವೆ ಇಲಾಖೆ ಕೈಹಾಕಿವೆ. ನನಗೆ ಇದರಿಂದ ತುಂಬಾ ಸಂತೋಷ ಆಯಿತು. ಹಾಳುಬಿದ್ದ ನಿಲ್ದಾಣವನ್ನು ಕೆಡವುವುದು ಒಂದು ದಿನದ ಕೆಲಸ, ಅದೇ ಗೋಡೆಯನ್ನು ಹಳೇ ಗಾರೆಯ ಹದದಲ್ಲಿ ಮತ್ತೆ ನಿಲ್ಲಿಸಲು ತಿಂಗಳುಗಟ್ಟಲೆ ಬೇಕು.

ಕಟ್ಟಡಕ್ಕೆ ಕಾಳಜಿ ಸಿಗುತ್ತಿದೆ, ದಾರಿಗೆ ಸಿಗುತ್ತಿಲ್ಲ. ಹೊರದೇಶಗಳಲ್ಲಿ ಇದು ಹೇಗೆ ನಡೆಯಿತು ಅಂತ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಬ್ರಿಟನ್‌ನಲ್ಲಿ 1963ರ ಬೀಚಿಂಗ್ ವರದಿಯ ನಂತರ ಸಾವಿರಾರು ಮೈಲಿ ಕಂಬಿ ಮುಚ್ಚಿದರು. ಎಷ್ಟೋ ಕಡೆ ಜಾಗವನ್ನು ತುಂಡು ತುಂಡು ಮಾಡಿ ಮಾರಿಬಿಟ್ಟರು. ಉಳಿದ ಕೆಲವು ನಡೆಯುವ ದಾರಿಗಳಾದವು. ಡರ್ಬಿಶೈರ್‌ನ ಮಾನ್ಸಲ್ ಟ್ರೇಲ್ ಅಂಥದ್ದು, 1981ರಲ್ಲಿ ಶುರುವಾಯಿತು, ಮುಚ್ಚಿದ್ದ ಸುರಂಗಗಳನ್ನು 2011ರಲ್ಲಿ ತೆರೆದರು. ಅಮೆರಿಕದವರು 1983ರಲ್ಲಿ ಕಾನೂನಿಗೇ ಒಂದು ತಿದ್ದುಪಡಿ ತಂದರು. ನಿಂತುಹೋದ ರೈಲು ದಾರಿಯನ್ನು ಸದ್ಯಕ್ಕೆ ಜನ ನಡೆಯಲು ಬಿಡಿ, ಜಾಗ ಮಾತ್ರ ತುಂಡಾಗದೆ ಇರಲಿ, ಮುಂದೆಂದಾದರೂ ರೈಲು ಬೇಕಾದರೆ ಅದೇ ದಾರಿಯಲ್ಲಿ ಬರಲಿ ಅನ್ನುವುದು ಅದರ ತಿರುಳು.

ಇದು ನಮ್ಮಲ್ಲಿ ಯಾವ ಕಾನೂನೂ ಇಲ್ಲದೆ ನಡೆದುಹೋಗಿದೆ ಅಲ್ವಾ? ಕೋಲಾರ–ಚಿಕ್ಕಬಳ್ಳಾಪುರದ ನಡುವೆ ಒಂದೂವರೆ ದಶಕಕ್ಕೂ ಹೆಚ್ಚು ಕಾಲ ರೈಲಿಲ್ಲದಿದ್ದರೂ ಆ ಉದ್ದನೆಯ ಪಟ್ಟಿ ರೈಲ್ವೆಯದಾಗಿಯೇ ಉಳಿಯಿತು. ಉಳಿದದ್ದರಿಂದಲೇ 2013ರಲ್ಲಿ ರೈಲು ವಾಪಸ್ ಬರಲು ಸಾಧ್ಯವಾಯಿತು. ಅದನ್ನು 90ರ ದಶಕದಲ್ಲೇ ಸೈಟು ಮಾಡಿ ಹಂಚಿದ್ದರೆ, ಈಗಿನ ಬೆಲೆಯಲ್ಲಿ ಊರೂರಿನಲ್ಲಿ ಜಮೀನು ಬಿಡಿಸಿಕೊಂಡು ಕಂಬಿ ಹಾಕುವುದು ಕನಸಿನ ಮಾತು. ಉದ್ದವಾದ, ಸಣ್ಣ ಅಗಲದ, ಎಲ್ಲೂ ತುಂಡಾಗದ ಸಾರ್ವಜನಿಕ ಜಾಗ ಒಮ್ಮೆ ಹೋದರೆ ಮತ್ತೆ ಜೋಡಿಸಲು ಆಗುವುದಿಲ್ಲ. ಈಗ ಪಕ್ಕಕ್ಕೆ ಬಿದ್ದಿರುವ ಹಳೇ ಬಾಗುಗಳೂ ಅಂಥ ಜಾಗವೇ. ರೈಲಿಗೆ ಅವು ಬೇಡ. ಆದರೆ ಊರಿನ ಮಕ್ಕಳು ಹೈವೇಗೆ ಇಳಿಯದೆ ಶಾಲೆಗೆ ಹೋಗಲು, ರೈತರು ಹೊಲಕ್ಕೆ ಹೋಗಲು, ಭಾನುವಾರ ಬರುವ ನಮ್ಮಂಥವರು ನಡೆಯಲು ಅವು ಬೇಕು. ಪಂಚಾಯಿತಿಗಳು ರೈಲ್ವೆಯನ್ನು ಕೇಳಿ, ಅಳತೆ ಮಾಡಿಸಿ, ಕಾಲುದಾರಿ ಅಂತ ಉಳಿಸಿಕೊಳ್ಳಬೇಕು. ಇದಕ್ಕೆ ಟೈಲ್ಸೂ ಬೇಡ, ದೀಪದ ಕಂಬವೂ ಬೇಡ. ಕಲ್ಲು ನೆಟ್ಟು ಗಡಿ ಗುರುತಿಸಿದರೆ ಸಾಕು.

ನೋಡಬೇಕು ಅನ್ನಿಸಿದವರಿಗೆ ಎರಡು ಮಾತು. ಓಡುವ ಕಂಬಿಯ ಮೇಲೆ ದಯವಿಟ್ಟು ನಡೆಯಬೇಡಿ. ಈ ದಾರಿಗೆ ಈಗ ವಿದ್ಯುತ್ ತಂತಿಯೂ ಬಂದಿದೆ, ಎಲೆಕ್ಟ್ರಿಕ್ ರೈಲು ಹತ್ತಿರ ಬರುವ ತನಕ ಸದ್ದೇ ಕೇಳುವುದಿಲ್ಲ. 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಪ್ಪಣೆ ಇಲ್ಲದೆ ಕಂಬಿ ಜಾಗಕ್ಕೆ ನುಗ್ಗಿದರೆ ಆರು ತಿಂಗಳ ತನಕ ಜೈಲು ಅಥವಾ ಸಾವಿರ ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಶುರು ಮಾಡಲು ನಂದಿ ಹಾಲ್ಟ್ ಒಳ್ಳೆಯದು. ನಿಲ್ದಾಣ ನೋಡಿಕೊಂಡು, ಊರೊಳಗಿನ ರಸ್ತೆ ಹಿಡಿದು ಭೋಗನಂದೀಶ್ವರ ದೇವಸ್ಥಾನದ ತನಕ ನಡೆಯಬಹುದು. ಚಿಂತಾಮಣಿ, ಶ್ರೀನಿವಾಸಪುರದ ಕಡೆ ಹೋದರೆ ಹಳ್ಳಿಯ ಹಿರಿಯರನ್ನು "ಚಿಕ್ಕ ರೈಲು ಎಲ್ಲಿ ಹೋಗ್ತಿತ್ತು?" ಅಂತ ಕೇಳಿ. ಭೂಪಟಕ್ಕಿಂತ ಚೆನ್ನಾಗಿ ತೋರಿಸುತ್ತಾರೆ, ಕೆಲವರು ತೆಲುಗಿನಲ್ಲಿ ಹೇಳಬಹುದು, ಕೈ ತೋರಿಸಿದ ಕಡೆ ನೋಡಿದರೆ ಆಯಿತು. ಬೆಳೆ ಇರುವ ಹೊಲಕ್ಕೆ ಇಳಿಯಬೇಡಿ. ನೀರು ಜೊತೆಗಿರಲಿ.

ನಾನು ಎರಡನೇ ಸಲ ಹೋದದ್ದು ಯುಗಾದಿ ಕಳೆದ ಮೇಲೆ. ಏರಿಯ ಒಂದು ತುದಿಯನ್ನು ಜೆಸಿಬಿ ತೆಗೆದಿತ್ತು. ಮಣ್ಣು ಹತ್ತಿರದ ಯಾವುದೋ ಲೇಔಟಿನ ತಗ್ಗು ತುಂಬಿಸಲು ಹೋಯಿತಂತೆ. ಅಜ್ಜಿ ಕಾಣಲಿಲ್ಲ, ಅವರ ಮೊಮ್ಮಗ ಕುರಿ ಹೊಡೆದುಕೊಂಡು ಬಂದಿದ್ದ. ಕಡಿದ ಜಾಗದಲ್ಲಿ ಅವನು ಕೆಳಗಿಳಿದು, ಹೊಲದ ಬದುವಿನ ಮೇಲೆ ಸುತ್ತಿ, ಮೋರಿಯ ಹತ್ತಿರ ಮತ್ತೆ ಏರಿ ಹತ್ತಿದ.