ಎಲ್‌ಡಿಎಲ್ ಮಟ್ಟ ಮತ್ತು ವಂಶವಾಹಿ ವ್ಯತ್ಯಾಸ: ಅಧ್ಯಯನ ಟಿಪ್ಪಣಿ

ರಕ್ತದಲ್ಲಿ ಎಲ್‌ಡಿಎಲ್ ಕೊಲೆಸ್ಟ್ರಾಲ್ (ಅಪಧಮನಿಯ ಗೋಡೆಯಲ್ಲಿ ಸಂಗ್ರಹವಾಗುವ ‘ಕೆಟ್ಟ’ ಕೊಲೆಸ್ಟ್ರಾಲ್) ಎಷ್ಟಿರುತ್ತದೆ ಎಂಬುದು, ಅದರ ಕಣಗಳು ಎಷ್ಟು ಉತ್ಪತ್ತಿಯಾಗುತ್ತವೆ ಮತ್ತು ಯಕೃತ್ತು ಅವುಗಳನ್ನು ಎಷ್ಟು ಬೇಗ ರಕ್ತದಿಂದ ತೆಗೆದುಹಾಕುತ್ತದೆ ಎಂಬುದನ್ನು ಅವಲಂಬಿಸಿದೆ. ಪ್ರಬಲ ಪರಿಣಾಮ ಬೀರುವ ವಂಶವಾಹಿ ವ್ಯತ್ಯಾಸಗಳು ಹೆಚ್ಚಾಗಿ ಕೆಲಸ ಮಾಡುವುದು ಈ ಎರಡನೆಯ ಹಂತದಲ್ಲಿ. ಆದ್ದರಿಂದ ಓದನ್ನು ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದು.

ಯಕೃತ್ತಿನ ಜೀವಕೋಶಗಳ ಮೇಲ್ಮೈಯಲ್ಲಿ ಎಲ್‌ಡಿಎಲ್ ಗ್ರಾಹಕಗಳೆಂಬ ಪ್ರೋಟೀನುಗಳಿವೆ. ಗ್ರಾಹಕವು ಎಲ್‌ಡಿಎಲ್ ಕಣದ ಮೇಲಿರುವ ಅಪೊಲಿಪೊಪ್ರೋಟೀನ್ ಬಿ ಎಂಬ ಪ್ರೋಟೀನನ್ನು ಹಿಡಿದು ಕಣವನ್ನು ಕೋಶದೊಳಗೆ ಒಯ್ಯುತ್ತದೆ, ಅಲ್ಲಿನ ಆಮ್ಲೀಯ ವಾತಾವರಣದಲ್ಲಿ ಅದನ್ನು ಬಿಟ್ಟು, ಮತ್ತೊಂದು ಕಣವನ್ನು ಹಿಡಿಯಲು ಮೇಲ್ಮೈಗೆ ಮರಳುತ್ತದೆ. ಈ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಗ್ರಾಹಕದ ವಂಶವಾಹಿ 19ನೆಯ ವರ್ಣತಂತುವಿನಲ್ಲಿದೆ. ಅದರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೂ ಕೌಟುಂಬಿಕ ಅಧಿಕ ಕೊಲೆಸ್ಟ್ರಾಲ್ ಉಂಟಾಗುತ್ತದೆ. ಸುಮಾರು 250 ಜನರಲ್ಲಿ ಒಬ್ಬರಿಗೆ ಇರುವ ಈ ಸ್ಥಿತಿಯಲ್ಲಿ ವಯಸ್ಕರ ಎಲ್‌ಡಿಎಲ್ ಸಾಮಾನ್ಯವಾಗಿ ಡೆಸಿಲೀಟರಿಗೆ 190 ಮಿಲಿಗ್ರಾಂ ದಾಟಿರುತ್ತದೆ, ಕೆಲವರಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಕೊಲೆಸ್ಟ್ರಾಲ್ ಶೇಖರಣೆಯಿಂದ ದಪ್ಪಗಾಗುತ್ತದೆ. ಎರಡೂ ಪ್ರತಿಗಳು ಕೆಟ್ಟಿದ್ದರೆ ಬಾಲ್ಯದಲ್ಲಿಯೇ ಹೃದ್ರೋಗ ಕಾಣಿಸಿಕೊಳ್ಳಬಹುದು. ಕೆಟ್ಟ ಪ್ರತಿಯು ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಅರ್ಧದಷ್ಟಿರುವುದರಿಂದ, ಒಬ್ಬರಲ್ಲಿ ರೋಗ ಪತ್ತೆಯಾದರೆ ಅವರ ತಂದೆತಾಯಿ, ಒಡಹುಟ್ಟಿದವರು ಮತ್ತು ಮಕ್ಕಳನ್ನೂ ಪರೀಕ್ಷಿಸಲೇಬೇಕು.

ಈ ವಿಷಯದಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸುವುದು ಪಿಸಿಎಸ್‌ಕೆ9 ಎಂಬ ಪ್ರೋಟೀನು. ಇದು ಗ್ರಾಹಕಕ್ಕೆ ಅಂಟಿಕೊಂಡಾಗ ಗ್ರಾಹಕವು ಮೇಲ್ಮೈಗೆ ಮರಳದೆ ಕೋಶದೊಳಗೇ ನಾಶವಾಗುತ್ತದೆ. 2003ರಲ್ಲಿ ಫ್ರಾನ್ಸಿನ ಕೆಲವು ಕುಟುಂಬಗಳಲ್ಲಿ ಈ ಪ್ರೋಟೀನಿನ ಚಟುವಟಿಕೆಯನ್ನು ಹೆಚ್ಚಿಸುವ ರೂಪಾಂತರಗಳು ಪತ್ತೆಯಾದವು. ಅವರ ಎಲ್‌ಡಿಎಲ್ ಬಹಳ ಹೆಚ್ಚಾಗಿತ್ತು. ಅದರ ವಿರುದ್ಧ ದಿಕ್ಕಿನ ಪುರಾವೆ ಅಮೆರಿಕದಿಂದ ಬಂದಿತು. ಸುಮಾರು 15 ವರ್ಷ ಜನರನ್ನು ಗಮನಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ವಂಶವಾಹಿಯ ಒಂದು ಪ್ರತಿ ನಿಷ್ಕ್ರಿಯವಾಗಿದ್ದ ಕಪ್ಪು ಜನಾಂಗದವರಲ್ಲಿ ಎಲ್‌ಡಿಎಲ್ ಶೇ 28ರಷ್ಟು ಮಾತ್ರ ಕಡಿಮೆಯಿದ್ದರೂ ಪರಿಧಮನಿ ಹೃದ್ರೋಗದ ಅಪಾಯ ಶೇ 88ರಷ್ಟು ಕಡಿಮೆಯಿತ್ತು. ನಡುವಯಸ್ಸಿನಲ್ಲಿ ಆರಂಭಿಸಿದ ಸ್ಟ್ಯಾಟಿನ್ ಔಷಧಿಯಿಂದ ಎಲ್‌ಡಿಎಲ್ ಇಷ್ಟೇ ಇಳಿದರೂ, ಕೆಲವೇ ವರ್ಷಗಳ ಪ್ರಯೋಗದಲ್ಲಿ ದೊರೆಯುವ ರಕ್ಷಣೆ ಇದಕ್ಕಿಂತ ಬಹಳ ಕಡಿಮೆ. ಕಾರಣ ಅವಧಿಯಲ್ಲಿದೆ: ವಂಶವಾಹಿಯ ಪರಿಣಾಮ ಹುಟ್ಟಿನಿಂದಲೇ ಇರುತ್ತದೆ, ಅಪಧಮನಿಯ ಗೋಡೆಯಲ್ಲಿ ಕೊಲೆಸ್ಟ್ರಾಲ್ ಸಂಗ್ರಹವಾಗುವುದು ದಶಕಗಳ ಉದ್ದಕ್ಕೂ. ಹೀಗಾಗಿ ವರದಿಯಲ್ಲಿನ ಅಂಕಿಯ ಜೊತೆಗೆ, ಆ ಅಂಕಿ ಎಷ್ಟು ವರ್ಷಗಳಿಂದ ಹಾಗಿದೆ ಎಂದೂ ಕೇಳಬೇಕು. ಪಿಸಿಎಸ್‌ಕೆ9 ಅನ್ನು ತಡೆಯುವ ಚುಚ್ಚುಮದ್ದುಗಳಿಗೆ 2015ರಲ್ಲಿ ಅನುಮತಿ ದೊರೆಯಿತು.

‘ಒಳ್ಳೆಯ’ ಕೊಲೆಸ್ಟ್ರಾಲ್ ಎನ್ನಲಾಗುವ ಎಚ್‌ಡಿಎಲ್ ವಿಷಯದಲ್ಲಿ, ವಂಶವಾಹಿ ವ್ಯತ್ಯಾಸವಿರುವವರ ರೋಗದ ಅಪಾಯವನ್ನು ನೋಡುವ ಇದೇ ವಿಧಾನ ನಿರೀಕ್ಷೆಯನ್ನು ತಲೆಕೆಳಗು ಮಾಡಿತು. ಎಂಡೋಥೀಲಿಯಲ್ ಲೈಪೇಸ್ ವಂಶವಾಹಿಯ ಒಂದು ರೂಪಾಂತರವು ಎಚ್‌ಡಿಎಲ್ ಅನ್ನು ಹೆಚ್ಚಿಸಿದರೂ ಹೃದಯಾಘಾತದ ಅಪಾಯವನ್ನು ತಗ್ಗಿಸುವುದಿಲ್ಲವೆಂದು 2012ರಲ್ಲಿ ತಿಳಿದುಬಂದಿತು.

ಬಹುತೇಕ ಜನರಲ್ಲಿ ಇಂತಹ ಒಂದೇ ಪ್ರಬಲ ದೋಷವಿರುವುದಿಲ್ಲ. ಅಲ್ಪ ಪರಿಣಾಮದ ನೂರಾರು ವ್ಯತ್ಯಾಸಗಳು ಒಟ್ಟಾಗಿ ಆಹಾರ, ತೂಕ ಮತ್ತು ವಯಸ್ಸಿನೊಂದಿಗೆ ಸೇರಿ ಮಟ್ಟವನ್ನು ನಿರ್ಧರಿಸುತ್ತವೆ. ಚಯಾಪಚಯದ ಇತರ ಭಾಗಗಳಲ್ಲೂ ಹೀಗೆಯೇ. ದೇಹದ ತೂಕದೊಂದಿಗಿನ ನಂಟು 2007ರಲ್ಲಿ ಗುರುತಿಸಲಾದ ಎಫ್‌ಟಿಒ ವಂಶವಾಹಿಯ ಅಪಾಯದ ರೂಪ ಎರಡು ಪ್ರತಿಗಳಲ್ಲಿಯೂ ಇರುವವರು, ಒಂದರಲ್ಲಿಯೂ ಇಲ್ಲದವರಿಗಿಂತ ಸರಾಸರಿ 3 ಕಿಲೋಗ್ರಾಂನಷ್ಟು ಹೆಚ್ಚು ತೂಗುತ್ತಾರೆ. ದೈಹಿಕ ಚಟುವಟಿಕೆ ಹೆಚ್ಚಿರುವವರಲ್ಲಿ ಈ ಪರಿಣಾಮ ತಗ್ಗುತ್ತದೆ. ಕೊಲೆಸ್ಟ್ರಾಲ್ ಮತ್ತು ಸಕ್ಕರೆಯ ನಿಯಂತ್ರಣ ಪೂರ್ತಿ ಬೇರೆಬೇರೆಯಲ್ಲ ಎಂಬುದನ್ನೂ ಗಮನಿಸಬೇಕು: ಸ್ಟ್ಯಾಟಿನ್‌ಗಳು ತಡೆಯುವ ಕಿಣ್ವದ ವಂಶವಾಹಿಯಲ್ಲಿ ಎಲ್‌ಡಿಎಲ್ ಇಳಿಸುವ ರೂಪಾಂತರ ಇರುವವರಲ್ಲಿ ಟೈಪ್ 2 ಮಧುಮೇಹದ ಅಪಾಯ ತುಸು ಹೆಚ್ಚಿರುತ್ತದೆ.

ಎಲ್‌ಡಿಎಲ್ ಅನ್ನು ಹೋಲುವ, ರಕ್ತದಲ್ಲಿನ ಮತ್ತೊಂದು ಕೊಲೆಸ್ಟ್ರಾಲ್ ಕಣವಾದ ಲಿಪೊಪ್ರೋಟೀನ್ ಎ ಮಾತ್ರ ಈ ಬಹುಕಾರಣಗಳ ಚಿತ್ರಕ್ಕೆ ಹೊಂದುವುದಿಲ್ಲ. ಇದರ ಮಟ್ಟ ಬಹುಪಾಲು ಎಲ್‌ಪಿಎ ಎಂಬ ಒಂದೇ ವಂಶವಾಹಿಯಿಂದ ನಿರ್ಧಾರವಾಗುತ್ತದೆ. ಆ ವಂಶವಾಹಿಯೊಳಗೆ ಪುನರಾವರ್ತನೆಗೊಳ್ಳುವ ತುಣುಕುಗಳು ಕಡಿಮೆಯಿದ್ದಷ್ಟೂ ಪ್ರೋಟೀನು ಚಿಕ್ಕದಾಗಿರುತ್ತದೆ, ರಕ್ತದಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಆಹಾರ ಮತ್ತು ವ್ಯಾಯಾಮದಿಂದ ಇದು ಹೆಚ್ಚು ಬದಲಾಗದ ಕಾರಣ, ಪ್ರತಿ ವಯಸ್ಕರಲ್ಲೂ ಜೀವನದಲ್ಲಿ ಒಮ್ಮೆಯಾದರೂ ಇದನ್ನು ಅಳೆಯುವುದು ಸೂಕ್ತವೆಂದು 2019ರ ಯುರೋಪಿನ ವೈದ್ಯಕೀಯ ಮಾರ್ಗಸೂಚಿ ಹೇಳುತ್ತದೆ.